ತಾಲ್ಲೂಕಿನ ಆಸ್ಪತ್ರೆಯಲ್ಲಿ ತೀವ್ರ ನಿಗಾ

(ಬಾನುಲಿ ಭಾಷಣದ ಪಠ್ಯ)



ಕನ್ನಡದಲ್ಲಿ ‘ನಿಗಾ’ ಎಂಬುದೊಂದು ಮಾತಿದೆ. ಪಾರಸಿಯ ‘ನಿಗಾಹ್’ ಎಂಬ ಶಬ್ದ ನಮ್ಮ ಕಚೇರಿಗಳಿಗೆ ಬಂದು, ಅಲ್ಲಿಂದ ಊರುಕೇರಿಗಳಿಗೆ ಇಳಿದು, ಈಗ ಪರಭಾಷೆಯದೆಂದು ಯಾರಿಗೂ ತೋರದಷ್ಟು ನಮ್ಮದಾಗಿಬಿಟ್ಟಿದೆ. ಮೂಲದಲ್ಲಿ ಅದರ ಅರ್ಥ ನೋಟ, ದೃಷ್ಟಿ. ಪೈರಿನ ಮೇಲೆ ನಿಗಾ ಇಡು, ಕೂಸಿನ ಮೇಲೆ ನಿಗಾ ಇರಲಿ ಎಂದು ನಾವು ಹೇಳುವಾಗ ಯಾವ ಯಂತ್ರವೂ ನಮ್ಮ ಮನಸ್ಸಿನಲ್ಲಿ ಇರುವುದಿಲ್ಲ. ಒಬ್ಬರ ಕಣ್ಣು ಬಿಡದೆ ಅದರ ಮೇಲೆ ನೆಟ್ಟಿರಬೇಕು ಎಂಬುದಷ್ಟೇ ತಾತ್ಪರ್ಯ. ಆಸ್ಪತ್ರೆಗಳಲ್ಲಿ ವಿಷಮ ಸ್ಥಿತಿಯ ರೋಗಿಗಳನ್ನು ಇರಿಸುವ ವಿಭಾಗಕ್ಕೆ ‘ತೀವ್ರ ನಿಗಾ ಘಟಕ’ ಎಂದು ಹೆಸರಿಟ್ಟವರು ಸರಿಯಾದ ಮಾತನ್ನೇ ಆರಿಸಿದರು. ಆದರೆ ಆ ಹೆಸರನ್ನು ಕೇಳಿದೊಡನೆ ಇಂದು ನಮ್ಮ ಕಣ್ಣಮುಂದೆ ಬಂದು ನಿಲ್ಲುವುದು ನೋಡುವ ಮನುಷ್ಯನಲ್ಲ. ಮಿಣುಕುವ ದೀಪಗಳ, ನಳಿಕೆಗಳ, ಲಕ್ಷಾಂತರ ರೂಪಾಯಿ ಬೆಲೆಯ ಯಂತ್ರ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ಊರುಗಳನ್ನು ಮುಂದಿಟ್ಟುಕೊಂಡು ಈ ಹೊತ್ತು ಒಂದು ವಿಚಾರವನ್ನು ತಮ್ಮಲ್ಲಿ ನಿವೇದಿಸಬೇಕೆಂದಿದ್ದೇನೆ. ವೈರಾಣುವಿನ ಸೋಂಕು ಉಲ್ಬಣಿಸಿದ ರೋಗಿಯೊಬ್ಬ ಇಂಥ ಊರಿನ ಆಸ್ಪತ್ರೆಯ ಬಾಗಿಲಿಗೆ ಬಂದರೆ ಅವನನ್ನು ಉಳಿಸುವುದು ಯಾವುದು? ಯಂತ್ರವೋ, ನಿಗಾವೋ? ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೂ ಇದು ವೈದ್ಯರು ಮಾತ್ರ ಆಲೋಚಿಸಿ ಮುಗಿಸುವ ಪ್ರಶ್ನೆಯಲ್ಲ. ಆ ಬಾಗಿಲಿಗೆ ಹೋಗುವವರು ನಾವೇ ಆದ್ದರಿಂದ ಇದು ನಮ್ಮೆಲ್ಲರ ಪ್ರಶ್ನೆ.

ಮೊದಲು ರೋಗದ ಸ್ವಭಾವವನ್ನು ನೋಡೋಣ. ಬ್ಯಾಕ್ಟೀರಿಯಾಗಳಿಂದ ಬರುವ ರೋಗಗಳಿಗೆ ಪೆನಿಸಿಲಿನ್ ಮೊದಲಾದ ಮದ್ದುಗಳಿವೆ. ವೈರಾಣುಗಳ ಮೇಲೆ ಆ ಮದ್ದುಗಳು ನಡೆಯುವುದಿಲ್ಲ. ಕೆಲವೇ ವೈರಾಣುಗಳನ್ನು ಬಿಟ್ಟರೆ ಉಳಿದವಕ್ಕೆ ನೇರವಾದ ಔಷಧವೇ ಇಲ್ಲ. ಗೆಲ್ಲಬೇಕಾದದ್ದು ರೋಗಿಯ ಶರೀರವೇ. ಅದು ತನ್ನ ರಕ್ಷಣೆಯನ್ನು ತಾನೇ ಕಟ್ಟಿಕೊಳ್ಳುವುದಕ್ಕೆ ಒಂದೆರಡು ವಾರಗಳ ಕಾಲ ಬೇಕು. ಅಷ್ಟರಲ್ಲಿ ಶ್ವಾಸಕೋಶಗಳು ಸೋತರೆ, ರಕ್ತದ ಒತ್ತಡ ಕುಸಿದರೆ, ಗೆಲ್ಲಬಲ್ಲ ಶರೀರವೂ ಗೆಲುವಿನ ದಿನವನ್ನು ಕಾಣದೆ ಹೋಗುತ್ತದೆ. ಆಸ್ಪತ್ರೆ ಇಲ್ಲಿ ಮಾಡುವ ಕೆಲಸ ರೋಗವನ್ನು ಕೊಲ್ಲುವುದಲ್ಲ. ರೋಗಿಗೆ ಕಾಲವನ್ನು ಕೊಡಿಸುವುದು. ಬೆಳೆ ಕೈಗೆ ಬರುವವರೆಗೆ ನೆರೆಯವನು ರೈತನಿಗೆ ಕೈಗಡ ಕೊಡುವಂತೆ, ಶರೀರ ಚೇತರಿಸುವವರೆಗೆ ಉಸಿರನ್ನು ಕೈಗಡವಾಗಿ ಕೊಡುವುದು.

ತೀವ್ರ ನಿಗಾ ಎಂಬ ಪದ್ಧತಿ ಹುಟ್ಟಿದ್ದೇ ವೈರಾಣುವಿನ ರೋಗವೊಂದರಿಂದ, ಅದೂ ಸಾಧನಗಳಿಲ್ಲದ ಆಸ್ಪತ್ರೆಯೊಂದರಲ್ಲಿ ಎಂದರೆ ತಮಗೆ ಆಶ್ಚರ್ಯವಾಗಬಹುದು. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಭಯಂಕರವಾಗಿ ಹಬ್ಬಿತು. ಬ್ಲೆಗ್ಡಾಮ್ ಆಸ್ಪತ್ರೆಗೆ ದಿನವೊಂದಕ್ಕೆ ಐವತ್ತರವರೆಗೆ ರೋಗಿಗಳು ಬರತೊಡಗಿದರು. ಹಲವರಿಗೆ ಉಸಿರಾಟದ ಸ್ನಾಯುಗಳೂ ಗಂಟಲೂ ಸೋತಿದ್ದುವು. ಉಸಿರಾಡಿಸುವ ದೊಡ್ಡ ಪೆಟ್ಟಿಗೆಯಂಥ ಯಂತ್ರ ಅಲ್ಲಿ ಇದ್ದದ್ದು ಒಂದು. ಎದೆಗೆ ಕಟ್ಟುವ ಸಣ್ಣವು ಆರು. ಅಂಥ ಸ್ಥಿತಿಯ ಮೊದಲ 31 ರೋಗಿಗಳಲ್ಲಿ 27 ಮಂದಿ ತೀರಿಕೊಂಡರು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞ ಒಂದು ಉಪಾಯ ಹೇಳಿದ. ರೋಗಿಯ ಗಂಟಲಿನಲ್ಲಿ ರಂಧ್ರ ಮಾಡಿ, ನಳಿಕೆ ಇಳಿಸಿ, ಅದಕ್ಕೆ ರಬ್ಬರಿನ ಚೀಲ ಜೋಡಿಸಿ, ಕೈಯಿಂದಲೇ ಅದುಮಿ ಅದುಮಿ ಗಾಳಿ ತುಂಬುವುದು. ಅದುಮುವವರು ಯಾರು? ಸುಮಾರು 1500 ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲೂ ರಾತ್ರಿಯೂ ಹಾಸಿಗೆಗಳ ಪಕ್ಕದಲ್ಲಿ ಕುಳಿತು, ವಾರಗಟ್ಟಲೆ, ತಿಂಗಳುಗಟ್ಟಲೆ ಆ ಚೀಲಗಳನ್ನು ಅದುಮಿದರು. ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚಾಗಿದ್ದ ಸಾವು ಕೆಲವೇ ತಿಂಗಳುಗಳಲ್ಲಿ ಅದರ ಅರ್ಧಕ್ಕೂ ಕೆಳಗಿಳಿಯಿತು. ಮರುವರ್ಷ, 1953ರಲ್ಲಿ, ಅದೇ ಇಬ್ಸೆನ್ ಕೋಪನ್‌ಹೇಗನ್ನಿನ ಇನ್ನೊಂದು ಆಸ್ಪತ್ರೆಯಲ್ಲಿ ಇಂಥ ರೋಗಿಗಳಿಗಾಗಿಯೇ ಪ್ರತ್ಯೇಕ ವಿಭಾಗವನ್ನು ತೆರೆದ. ಲೋಕದ ತೀವ್ರ ನಿಗಾ ಘಟಕಗಳಿಗೆಲ್ಲ ಅದು ಮೂಲಪುರುಷ.

ಇದರಿಂದ ತಿಳಿಯುವುದೇನು? ಯಂತ್ರ ಆಮೇಲೆ ಬಂತು. ಮೊದಲು ಬಂದದ್ದು ಹಾಸಿಗೆಯ ಪಕ್ಕದಲ್ಲಿ ಎದ್ದು ಕುಳಿತಿರುವ ಒಬ್ಬ ಮನುಷ್ಯ.

ಈಗ ನಮ್ಮ ನಾಡಿಗೆ ಬರೋಣ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟಿದಾಗ ಚಿತ್ರದುರ್ಗದಿಂದ ಜಗಳೂರೂ ಶಿವಮೊಗ್ಗದಿಂದ ಚನ್ನಗಿರಿ ಹೊನ್ನಾಳಿಗಳೂ ಅದಕ್ಕೆ ಸೇರಿದುವು. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ ಅನಂತರ ತಾನೇ ತಾಲ್ಲೂಕಾಯಿತು. ನಾಲ್ಕಕ್ಕೂ ನಾಲ್ಕು ಬಗೆಯ ನೆಲ. ಚನ್ನಗಿರಿಯದು ಸೂಳೆಕೆರೆಯ ನೀರಿನ, ಅಡಕೆ ತೋಟಗಳ ಸೀಮೆ. ಹೊನ್ನಾಳಿ ತುಂಗಭದ್ರೆಯ ದಡದ ಊರು. ನ್ಯಾಮತಿ ಮಲೆನಾಡಿನ ಸೆರಗು. ಜಗಳೂರು ಮಳೆಯನ್ನು ಎದುರುನೋಡುವ ಬಯಲು. ನೆಲ ಬೇರೆಯಾದರೂ ರೋಗ ಉಲ್ಬಣಿಸಿದಾಗ ನಾಲ್ಕೂ ಊರಿನವರ ಮಾತು ಒಂದೇ: ‘ದೊಡ್ಡಾಸ್ಪತ್ರೆಗೆ ಕರಕೊಂಡು ಹೋಗಿ.’ ಜಗಳೂರಿನವರೂ ಚನ್ನಗಿರಿಯವರೂ ದಾವಣಗೆರೆಯ ದಾರಿ ಹಿಡಿಯುತ್ತಾರೆ; ಅಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ವೈದ್ಯಕೀಯ ಕಾಲೇಜುಗಳಿವೆ. ನ್ಯಾಮತಿಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೇ ಹತ್ತಿರ. ಹೊನ್ನಾಳಿಯವರು ಎರಡೂ ಕಡೆ ನೋಡುತ್ತಾರೆ. ಹೀಗೆ ದೊಡ್ಡಾಸ್ಪತ್ರೆ ಎಲ್ಲರಿಗೂ ಇದೆ. ನಡುವೆ ಒಂದು ರಸ್ತೆಯೂ ಇದೆ.

ಆ ರಸ್ತೆಯ ಲೆಕ್ಕವನ್ನು ಸ್ವಲ್ಪ ಮಾಡಿ ನೋಡಬೇಕು. ಆಂಬುಲೆನ್ಸಿನಲ್ಲಿ ಸಾಮಾನ್ಯವಾಗಿ ಇರುವ ಸಣ್ಣ ಸಿಲಿಂಡರಿನಲ್ಲಿ ಸುಮಾರು 1500 ಲೀಟರು ಆಮ್ಲಜನಕ ಹಿಡಿಯುತ್ತದೆ. ಉಸಿರು ತೀರ ಕಟ್ಟಿದ ರೋಗಿಗೆ ಮುಖಕ್ಕೆ ಚೀಲದ ಮುಸುಕು ಹಾಕಿ ನಿಮಿಷಕ್ಕೆ 15 ಲೀಟರಿನಂತೆ ಕೊಟ್ಟರೆ ಅದು ನೂರು ನಿಮಿಷ ಬರುತ್ತದೆ. ಸಿಲಿಂಡರು ಅರ್ಧವೇ ತುಂಬಿದ್ದರೆ ಐವತ್ತು ನಿಮಿಷ. ಜಗಳೂರಿನಿಂದ ದಾವಣಗೆರೆಗೆ ಗಂಟೆಯ ಆಸುಪಾಸಿನ ಹಾದಿ. ಹೊರಡುವ ಮೊದಲು ಆ ಸಿಲಿಂಡರಿನ ಮುಳ್ಳನ್ನು ಯಾರಾದರೂ ನೋಡಿದರೆ ರೋಗಿ ಊರು ಮುಟ್ಟುತ್ತಾನೆ. ನೋಡದಿದ್ದರೆ ದಾರಿಯಲ್ಲಿಯೇ ಗಾಳಿ ಮುಗಿಯುತ್ತದೆ. ನೋಡುವುದಕ್ಕೆ ಹಿಡಿಯುವ ಕಾಲ ಅರ್ಧ ನಿಮಿಷ. ನಿಗಾ ಎಂದರೆ ಇದು.

ಆಮ್ಲಜನಕ ಎಂದೆ. ಆ ಪದದಲ್ಲಿಯೂ ಒಂದು ಸ್ವಾರಸ್ಯವಿದೆ. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಲವಾಸಿಯೇ ಈ ಅನಿಲವೇ ಎಲ್ಲ ಆಮ್ಲಗಳ ಮೂಲವೆಂದು ತಿಳಿದು, ಆಮ್ಲವನ್ನು ಹುಟ್ಟಿಸುವುದು ಎಂಬರ್ಥದ ಗ್ರೀಕ್ ಹೆಸರನ್ನು ಕೊಟ್ಟ. ಅದು ತಪ್ಪೆಂದು ಮುಂದೆ ತಿಳಿದುಬಂದರೂ ಹೆಸರು ಉಳಿಯಿತು. ಅದನ್ನೇ ನಾವು ‘ಆಮ್ಲಜನಕ’ ಎಂದು ಕನ್ನಡಿಸಿಕೊಂಡೆವು. ‘ಪ್ರಾಣವಾಯು’ ಎಂಬ ನಮ್ಮ ಇನ್ನೊಂದು ಮಾತಿನಲ್ಲಿ ಅಂಥ ತಪ್ಪಿಲ್ಲ. ಅದು ಎಷ್ಟು ನಿಜವೆಂಬುದನ್ನು ಕನ್ನಡ ನಾಡು 2021ರ ಮೇ ತಿಂಗಳಿನಲ್ಲಿ ಕಂಡಿತು. ಆ ತಿಂಗಳ 2 ಮತ್ತು 3ರ ನಡುವಣ ರಾತ್ರಿ ಮೊದಲುಗೊಂಡು ಒಂದು ದಿನದೊಳಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಮಂದಿ ರೋಗಿಗಳು ತೀರಿಕೊಂಡರು. ಆಮ್ಲಜನಕದ ಸರಬರಾಜು ನಿಂತುಹೋಗಿತ್ತು. ಹೈಕೋರ್ಟು ನೇಮಿಸಿದ, ನಿವೃತ್ತ ನ್ಯಾಯಮೂರ್ತಿ ಎ. ಎನ್. ವೇಣುಗೋಪಾಲಗೌಡರ ಅಧ್ಯಕ್ಷತೆಯ ಸಮಿತಿ ಆಮ್ಲಜನಕದ ಕೊರತೆಯನ್ನೇ ಕಾರಣವಾಗಿ ಎತ್ತಿ ತೋರಿಸಿತು. ಅದೇ ವಾರ, ಮೇ 5ರಂದು, ರಾಜ್ಯಕ್ಕೆ ದಿನಕ್ಕೆ 1200 ಟನ್ ಆಮ್ಲಜನಕ ಒದಗಿಸಬೇಕೆಂದು ಹೈಕೋರ್ಟು ಆಜ್ಞಾಪಿಸಿತು. ಮೇ 11ರಂದು ಜಮ್‌ಶೆಡ್‌ಪುರದ ಕಡೆಯಿಂದ ಆಮ್ಲಜನಕ ಹೊತ್ತ ಮೊದಲ ರೈಲು ಬೆಂಗಳೂರಿಗೆ ಬಂದಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ.

ಈ ಮಹಾದುಃಖದ ಒಳಗೆ ಒಂದು ಸರಳವಾದ ಗಣಿತ ಇತ್ತು. ಆಸ್ಪತ್ರೆಗಳಲ್ಲಿ ನಾವು ನೋಡುವ ದೊಡ್ಡ ಸಿಲಿಂಡರಿನಲ್ಲಿ ಸುಮಾರು 7000 ಲೀಟರು ಅನಿಲ ಇರುತ್ತದೆ. ಒಬ್ಬ ರೋಗಿಗೆ ನಿಮಿಷಕ್ಕೆ 10 ಲೀಟರಿನಂತೆ ಕೊಟ್ಟರೆ ಅದು ಹನ್ನೆರಡು ಗಂಟೆಯೂ ಬರುವುದಿಲ್ಲ. ಅಂಥ ಹತ್ತು ರೋಗಿಗಳಿದ್ದರೆ ದಿನಕ್ಕೆ 1,44,000 ಲೀಟರು, ಎಂದರೆ ಇಪ್ಪತ್ತಕ್ಕೂ ಹೆಚ್ಚು ಸಿಲಿಂಡರು. ಮೂಗಿನ ಮೂಲಕ ನಿಮಿಷಕ್ಕೆ 60 ಲೀಟರು ರಭಸದಿಂದ ಬಿಡುವ ಹೊಸ ಸಾಧನವೊಂದಿದೆ. ಒಬ್ಬನೇ ರೋಗಿಗೆ ಅದನ್ನು ಪೂರ್ಣವಾಗಿ ತೆರೆದರೆ ಒಂದು ದೊಡ್ಡ ಸಿಲಿಂಡರು ಎರಡು ಗಂಟೆಯೊಳಗೆ ಬರಿದು. ದೊಡ್ಡ ನಗರದ ಆಸ್ಪತ್ರೆಗೆ ಆ ಸಾಧನ ಭೂಷಣ. ಸಿಲಿಂಡರನ್ನೇ ನಂಬಿದ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬನಿಗೆ ಅದನ್ನು ಜೋಡಿಸಿದರೆ ಉಳಿದ ಐದಾರು ಜನರ ಪಾಲು ಅವನೊಬ್ಬನಿಗೇ ಹೋಗುತ್ತದೆ. ಇನ್ನು ದ್ರವರೂಪದ ಆಮ್ಲಜನಕ. ಸೊನ್ನೆಗಿಂತ 183 ಡಿಗ್ರಿ ಕೆಳಗೆ ತಂಪಾಗಿಸಿದ ಆ ದ್ರವದ ಒಂದು ಲೀಟರು ಸುಮಾರು 860 ಲೀಟರು ಅನಿಲವಾಗುತ್ತದೆ. ಸಾವಿರ ಲೀಟರಿನ ಒಂದು ತೊಟ್ಟಿ ಆ ಹತ್ತು ರೋಗಿಗಳಿಗೆ ಆರು ದಿನ ಸಾಕು. ಅದನ್ನು ತಯಾರಿಸುವ ದೊಡ್ಡ ಕಾರ್ಖಾನೆಗಳಲ್ಲೊಂದು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಆವರಣದಲ್ಲಿಯೇ ಇದೆ. ಜಗಳೂರಿಗೆ ಅದು ಬಹುದೂರದ ಊರಲ್ಲ. ಗಾಳಿಯಿಂದಲೇ ಸಾರಜನಕವನ್ನು ಸೋಸಿ ತೆಗೆದು ಆಮ್ಲಜನಕವನ್ನು ಉಳಿಸುವ ಘಟಕಗಳು 2021ರ ಅನಂತರ ದೇಶದ ಅನೇಕ ಸರ್ಕಾರಿ ಆಸ್ಪತ್ರೆಗಳಿಗೆ ಬಂದುವು. ಅವು ಸಿಲಿಂಡರಿನ ಲಾರಿಗೆ ಕಾಯಬೇಕಾಗಿಲ್ಲ. ಆದರೆ ಅವಕ್ಕೆ ವಿದ್ಯುತ್ತು ಬೇಕು. ವಿದ್ಯುತ್ತು ಹೋದಾಗ ಜನರೇಟರು, ಜನರೇಟರಿಗೆ ಡೀಸೆಲು, ಸೋಸುವ ಪದಾರ್ಥ ಹಳತಾದಾಗ ಹೊಸದು, ಇದನ್ನೆಲ್ಲ ಬಲ್ಲ ಒಬ್ಬ ತಂತ್ರಜ್ಞ ಬೇಕು. ರೋಗ ಇಳಿದ ಕಾಲದಲ್ಲಿ ವಾರಕ್ಕೊಮ್ಮೆಯಾದರೂ ಅವನ್ನು ನಡೆಸಿ ನೋಡದಿದ್ದರೆ ರೋಗ ಏರಿದ ಕಾಲದಲ್ಲಿ ಅವು ನಡೆಯವು. ಹೊಲಕ್ಕೆ ಹೋಗದ ನೇಗಿಲಿಗೆ ತುಕ್ಕು.

ಆಮ್ಲಜನಕ ಇದ್ದರೂ ಅದು ಯಾರಿಗೆ ಬೇಕು, ಎಷ್ಟು ಬೇಕು ಎಂದು ತಿಳಿಯಬೇಕಲ್ಲವೆ? ಕೋವಿಡ್ ರೋಗದ ಒಂದು ವಂಚನೆ ಇಲ್ಲಿಯೇ ಇತ್ತು. ರಕ್ತದಲ್ಲಿ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದಿದ್ದರೂ ರೋಗಿ ಎದ್ದು ಕುಳಿತು ಮಾತನಾಡುತ್ತಿದ್ದ. ‘ನನಗೇನೂ ಆಗಿಲ್ಲ’ ಎನ್ನುತ್ತಿದ್ದ. ಈ ವಂಚನೆಯನ್ನು ಬಯಲಿಗೆಳೆದದ್ದು ಬೆರಳಿಗೆ ಸಿಕ್ಕಿಸುವ ಪುಟ್ಟ ಆಕ್ಸಿಮೀಟರು. ಜಪಾನಿನ ತಕುವೊ ಅಯೊಯಾಗಿ ಎಂಬ ಎಂಜಿನಿಯರು 1974ರಲ್ಲಿ ಇದರ ತತ್ತ್ವವನ್ನು ಲೋಕದ ಮುಂದಿಟ್ಟ. ಅವನು ತೀರಿಕೊಂಡದ್ದು 2020ರ ಏಪ್ರಿಲಿನಲ್ಲಿ, ಅವನ ಸಾಧನ ಲೋಕದ ಮನೆಮನೆಯ ಮಾತಾಗುತ್ತಿದ್ದ ಹೊತ್ತಿನಲ್ಲಿಯೇ. ಆ ಯಂತ್ರ ತೋರಿಸುವ ಅಂಕಿ 94ಕ್ಕಿಂತ ಕೆಳಗಿಳಿದರೆ ಎಚ್ಚರ. 90ಕ್ಕಿಂತ ಕೆಳಗಿಳಿದರೆ ಅಪಾಯ. ಆದರೆ ಅದೂ ಕುರುಡುನಂಬಿಕೆಗೆ ತಕ್ಕದ್ದಲ್ಲ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಅಂಕಿ ತಪ್ಪುತ್ತದೆ. ಕಪ್ಪು ಮೈಬಣ್ಣದವರಲ್ಲಿ ಅದು ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆಂದು 2020ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದರು. ನಮ್ಮವರ ಮೈಬಣ್ಣಕ್ಕೆ ಇದು ಸಂಬಂಧಪಟ್ಟ ಮಾತು. ಆದ್ದರಿಂದ ಆಕ್ಸಿಮೀಟರಿನ ಜೊತೆಗೆ ಹಳೆಯ ವಿದ್ಯೆಯೂ ಬೇಕು. ಕೈಗಡಿಯಾರವನ್ನು ನೋಡುತ್ತ ರೋಗಿಯ ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸುವುದು. ವಯಸ್ಕರಲ್ಲಿ ಅದು 24ನ್ನು ದಾಟಿದರೆ ಶ್ವಾಸಕೋಶ ದಣಿಯುತ್ತಿದೆ. 30ನ್ನು ದಾಟಿದರೆ ಸೋಲುತ್ತಿದೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ, ಒಂದು ನಿಮಿಷದ ಏಕಾಗ್ರತೆ ಮಾತ್ರ ಖರ್ಚು. ದಟ್ಟಣೆಯ ವಾರ್ಡಿನಲ್ಲಿ ದುರ್ಲಭವಾದದ್ದು ಅದೇ.

ಅಗ್ಗದ ಚಿಕಿತ್ಸೆಗಳು ಕಡಿಮೆಯ ಚಿಕಿತ್ಸೆಗಳಲ್ಲ ಎಂಬುದಕ್ಕೆ ಇನ್ನೂ ಕೆಲವು ಸಾಕ್ಷ್ಯಗಳಿವೆ. ಶ್ವಾಸಕೋಶ ತೀವ್ರವಾಗಿ ಕೆಟ್ಟು ಯಂತ್ರದ ಮೇಲಿರುವ ರೋಗಿಗಳನ್ನು ದಿನದ ಬಹುಭಾಗ ಬೋರಲು ಮಲಗಿಸಿದರೆ ಸಾವು ಅರ್ಧಕ್ಕೆ ಇಳಿಯುತ್ತದೆಂದು 2013ರಲ್ಲಿ ಫ್ರಾನ್ಸಿನ ವೈದ್ಯರು ತೋರಿಸಿದ್ದರು. ಕೋವಿಡ್ ಕಾಲದಲ್ಲಿ ಎಚ್ಚರವಿರುವ ರೋಗಿಗಳನ್ನೂ ಹಾಗೆ ಮಲಗಿಸಲಾಯಿತು. ಯಂತ್ರದ ಅಗತ್ಯ ಹಲವರಿಗೆ ತಪ್ಪಿತು. ಬೋರಲು ಮಲಗುವುದಕ್ಕೆ ದಿಂಬು ಸಾಕು. 2020ರ ಜೂನಿನಲ್ಲಿ ಇಂಗ್ಲೆಂಡಿನಿಂದ ಇನ್ನೊಂದು ಸುದ್ದಿ ಬಂತು. ಡೆಕ್ಸಾಮೆಥಸೋನ್ ಎಂಬ ಹಳೆಯ, ಕೆಲವೇ ರೂಪಾಯಿಗಳ ಸ್ಟಿರಾಯ್ಡು ಔಷಧ ಯಂತ್ರದ ಮೇಲಿದ್ದವರ ಸಾವನ್ನು ಮೂರನೆಯ ಒಂದರಷ್ಟೂ, ಆಮ್ಲಜನಕ ಪಡೆಯುತ್ತಿದ್ದವರ ಸಾವನ್ನು ಐದನೆಯ ಒಂದರಷ್ಟೂ ತಗ್ಗಿಸಿತು. ಆದರೆ ಆಮ್ಲಜನಕ ಬೇಡದವರಿಗೆ ಅದರಿಂದ ಲಾಭವೇನೂ ಇರಲಿಲ್ಲ. ಈ ಕೊನೆಯ ವಾಕ್ಯವನ್ನು ಮರೆತು ಮನೆಮನೆಯಲ್ಲಿ ಅದನ್ನು ನುಂಗಿದ್ದರ, ಸಕ್ಕರೆ ಕಾಯಿಲೆಯ ಮೇಲೆ ನಿಗಾ ಇಡದೆ ಕೊಟ್ಟದ್ದರ ಫಲವನ್ನು 2021ರ ಮೇ, ಜೂನ್ ತಿಂಗಳುಗಳಲ್ಲಿ ಕಪ್ಪು ಶಿಲೀಂಧ್ರ ರೋಗದ ರೂಪದಲ್ಲಿ ನಾವು ಉಂಡೆವು. ಅದೇ ಔಷಧ, ನಿಗಾ ಇದ್ದಲ್ಲಿ ಅಮೃತ, ಇಲ್ಲದಲ್ಲಿ ವಿಷ.

ಬಡ ದೇಶಗಳ ಆಸ್ಪತ್ರೆಗಳು ತಾವೇ ಹುಡುಕಿಕೊಂಡ ದಾರಿಗಳೂ ಇವೆ. ಪಪುವಾ ನ್ಯೂಗಿನಿಯ ಐದು ಆಸ್ಪತ್ರೆಗಳಲ್ಲಿ ಆಕ್ಸಿಮೀಟರುಗಳನ್ನೂ ಗಾಳಿಯಿಂದ ಆಮ್ಲಜನಕ ತೆಗೆಯುವ ಸಣ್ಣ ಯಂತ್ರಗಳನ್ನೂ ಒದಗಿಸಿ, ದಾದಿಯರಿಗೆ ತರಬೇತಿ ಕೊಟ್ಟಾಗ ನ್ಯುಮೋನಿಯಾದಿಂದ ಸಾಯುವ ಮಕ್ಕಳ ಪ್ರಮಾಣ ನೂರಕ್ಕೆ 35ರಷ್ಟು ತಗ್ಗಿತೆಂದು 2008ರ ವರದಿ ಹೇಳುತ್ತದೆ. ಢಾಕಾದಲ್ಲಿ ಡಾಕ್ಟರ್ ಜೊಬಾಯರ್ ಚಿಶ್ತಿ ಮತ್ತು ಅವರ ಸಂಗಡಿಗರು ಷಾಂಪೂವಿನ ಖಾಲಿ ಸೀಸೆಯಲ್ಲಿ ನೀರು ತುಂಬಿ, ಮಗು ಬಿಡುವ ಉಸಿರಿನ ನಳಿಕೆಯನ್ನು ಅದರಲ್ಲಿ ಮುಳುಗಿಸಿ, ಏಳುವ ಗುಳ್ಳೆಗಳ ಒತ್ತಡದಿಂದಲೇ ಶ್ವಾಸಕೋಶ ಕುಸಿಯದಂತೆ ಮಾಡಿದರು. 2015ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ ಸಾಧಾರಣ ರೀತಿಯಲ್ಲಿ ಆಮ್ಲಜನಕ ಪಡೆದ ಮಕ್ಕಳಲ್ಲಿ ಸಾವು ನೂರಕ್ಕೆ 15. ಗುಳ್ಳೆಯ ಉಪಾಯದಲ್ಲಿ 4. ಇದರ ಎದುರಿಗೆ ಇನ್ನೊಂದನ್ನೂ ಇಡಬೇಕು. ಸೋಂಕಿನಿಂದ ರಕ್ತಸಂಚಾರ ಕುಸಿದ ಮಕ್ಕಳಿಗೆ ರಕ್ತನಾಳದಲ್ಲಿ ಸಲೈನನ್ನು ಬೇಗ ಬೇಗ ಏರಿಸುವುದು ಶ್ರೀಮಂತ ದೇಶಗಳ ಪದ್ಧತಿ. ಆಫ್ರಿಕದ ಮೂರು ದೇಶಗಳಲ್ಲಿ 3141 ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿದಾಗ, ಹಾಗೆ ಏರಿಸಿದ ಮಕ್ಕಳಲ್ಲಿಯೇ ಸಾವು ಹೆಚ್ಚೆಂದು 2011ರಲ್ಲಿ ತಿಳಿಯಿತು. ದೊಡ್ಡ ಆಸ್ಪತ್ರೆಯ ಪದ್ಧತಿಯಲ್ಲಿ ಅರ್ಧವನ್ನು ಮಾತ್ರ ಎತ್ತಿ ತಂದು, ಅದರ ಹಿಂದಿರುವ ನೋಟವನ್ನು ಅಲ್ಲಿಯೇ ಬಿಟ್ಟು ಬಂದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಕೋವಿಡ್ ಹೋಯಿತಲ್ಲ, ಈ ಮಾತೆಲ್ಲ ಈಗೇಕೆ ಎಂದು ಕೆಲವರು ಕೇಳಬಹುದು. ವೈರಾಣುಗಳು ನಮ್ಮನ್ನು ಬಿಟ್ಟಿಲ್ಲ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು. ನೆರೆಯ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಇನ್ನೂ ಬೇಸಗೆಗೊಮ್ಮೆ ತಲೆಯೆತ್ತುತ್ತದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಜನ ಅದರಿಂದ ಪಟ್ಟ ಪಾಡನ್ನು ಮಲೆನಾಡು ಮರೆತಿಲ್ಲ. ಈ ಎರಡು ರೋಗಗಳಿಗೂ ನೇರವಾದ ಮದ್ದಿಲ್ಲ, ಇರುವುದು ಶುಶ್ರೂಷೆಯೊಂದೇ. ಡೆಂಗಿಯ ವಂಚನೆ ಇನ್ನೊಂದು ಬಗೆಯದು. ಜ್ವರ ಬಂದ ಮೂರರಿಂದ ಏಳನೆಯ ದಿನದೊಳಗೆ ಮೈ ತಣ್ಣಗಾಗುತ್ತದೆ. ‘ಜ್ವರ ಬಿಟ್ಟಿತು’ ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ರಕ್ತದ ದ್ರವಾಂಶ ನಾಳಗಳಿಂದ ಸೋರಿಹೋಗಲು ತೊಡಗುವುದು ಸರಿಯಾಗಿ ಆ ಹೊತ್ತಿಗೇ. ಎಲ್ಲರೂ ಪ್ಲೇಟ್‌ಲೆಟ್ಟಿನ ಅಂಕಿಯನ್ನೇ ಹಿಡಿದು ಕೂತಿರುವಾಗ, ನಿಜವಾಗಿ ನೋಡಬೇಕಾದದ್ದು ನಾಡಿಯನ್ನು, ರಕ್ತದ ಒತ್ತಡವನ್ನು, ರಕ್ತ ಎಷ್ಟು ಗಟ್ಟಿಯಾಗುತ್ತಿದೆ ಎಂಬುದನ್ನು, ಮೂತ್ರದ ಪ್ರಮಾಣವನ್ನು, ಹೊಟ್ಟೆನೋವನ್ನು, ಕೈಕಾಲಿನ ಬಿಸುಪನ್ನು. ಗಂಟೆಗೊಮ್ಮೆ ನೋಡಿ, ಬರೆದಿಟ್ಟು, ಸಲೈನನ್ನು ಏರಿಸಿ ಇಳಿಸಿ ಮಾಡುವ ಒಬ್ಬ ಬಲ್ಲ ದಾದಿ ಇದ್ದರೆ ಹೊನ್ನಾಳಿಯ ಹಾಸಿಗೆಯೂ ಬೆಂಗಳೂರಿನ ಹಾಸಿಗೆಯೂ ಡೆಂಗಿಯ ಮಟ್ಟಿಗೆ ಬಹುತೇಕ ಸಮಾನ.

ಹಾಗಾದರೆ ಕೊರತೆ ಇರುವುದು ಎಲ್ಲಿ? ಆ ದಾದಿಯಲ್ಲಿ. 2020, 2021ರಲ್ಲಿ ದೇಶದ ಹಲವು ಆಸ್ಪತ್ರೆಗಳಲ್ಲಿ ವೆಂಟಿಲೇಟರುಗಳು ಬಂದು, ನಡೆಸಬಲ್ಲವರಿಲ್ಲದೆ ಮೂಲೆ ಹಿಡಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಯಂತ್ರವನ್ನು ಒಂದು ದಿನದಲ್ಲಿ ಕೊಳ್ಳಬಹುದು. ಮನುಷ್ಯರನ್ನು ಹಾಗೆ ತರಲಾಗದು. ಇಲ್ಲಿಯೂ ಒಂದು ಗಣಿತವಿದೆ. ವಾರಕ್ಕೆ 168 ಗಂಟೆ. ಒಬ್ಬ ದಾದಿ ವಾರಕ್ಕೆ 48 ಗಂಟೆ ದುಡಿದರೂ ಒಂದು ಜಾಗವನ್ನು ಹಗಲಿರುಳು ಖಾಲಿ ಬಿಡದಿರಲು ಮೂವರೂವರೆ ಮಂದಿ ಬೇಕು. ರಜೆ, ಕಾಯಿಲೆಗಳನ್ನು ಸೇರಿಸಿದರೆ ನಾಲ್ವರಿಗೂ ಹೆಚ್ಚು. ಇಬ್ಬರು ವಿಷಮ ರೋಗಿಗಳಿಗೆ ಒಬ್ಬ ದಾದಿ ಎಂದರೆ ಆರು ಹಾಸಿಗೆಗಳ ಘಟಕಕ್ಕೆ ಹನ್ನೆರಡು ಮಂದಿಗೆ ಕಡಿಮೆಯಾಗದಂತೆ ಬೇಕು. ಆರು ಹಾಸಿಗೆ, ಆರು ಯಂತ್ರಗಳ ಉದ್ಘಾಟನೆಗೆ ಫಲಕ ಹಾಕುತ್ತಾರೆ. ಹನ್ನೆರಡು ದಾದಿಯರ ನೇಮಕಕ್ಕೆ ಯಾರೂ ಫಲಕ ಹಾಕುವುದಿಲ್ಲ. ರಾತ್ರಿ ಎರಡು ಗಂಟೆಗೆ ರೋಗಿಯ ಉಸಿರು 22ರಿಂದ 32ಕ್ಕೆ ಏರಿದ್ದನ್ನು ಫಲಕ ನೋಡಲಾರದು.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ಅದು ನ್ಯಾಯವಾದ ಆಕ್ಷೇಪಣೆಯಾದ್ದರಿಂದ ಮುಚ್ಚಿಡಲಾರೆ. ‘ನಗರದವರಿಗೆ ಯಂತ್ರ, ಹಳ್ಳಿಯವರಿಗೆ ನಿಗಾ! ಬಡವನಿಗೆ ಅಗ್ಗದ್ದರಲ್ಲೇ ತೃಪ್ತನಾಗೆಂದು ಹೇಳುವ ಹೊಸ ವೇದಾಂತವೇ ಇದು?’ ಅಲ್ಲ. ಶ್ವಾಸಕೋಶ ಪೂರ್ತಿ ಸೋತ ರೋಗಿಗೆ ಯಂತ್ರವೇ ಬೇಕು. ಷಾಂಪೂ ಸೀಸೆಯಾಗಲಿ ದಿಂಬಾಗಲಿ ಅದರ ಬದಲಿಗೆ ನಿಲ್ಲಲಾರವು. ಜಗಳೂರಿನ ಕೂಲಿಯವನ ಜೀವಕ್ಕೂ ರಾಜಧಾನಿಯ ಸಾಹುಕಾರನ ಜೀವಕ್ಕೂ ತೂಕ ಒಂದೇ. ನಾನು ಹೇಳುವುದು ಕ್ರಮದ ಮಾತು. ಅಡಿಪಾಯವಿಲ್ಲದೆ ಉಪ್ಪರಿಗೆ ನಿಲ್ಲದು. ಆಮ್ಲಜನಕ ಕಡಿಯದಿರುವುದು, ಅದನ್ನು ಅಳೆಯುವುದು, ಅಳೆದದ್ದನ್ನು ಬರೆಯುವುದು, ಬರೆದದ್ದನ್ನು ನೋಡಿ ಕೈಗೊಳ್ಳುವುದು, ಈ ನಾಲ್ಕು ಇರುವ ಆಸ್ಪತ್ರೆಯಲ್ಲಿ ಯಂತ್ರ ಜೀವ ಉಳಿಸುತ್ತದೆ. ಇವಿಲ್ಲದಲ್ಲಿ ಯಂತ್ರ ಸಾವಿನ ಪಕ್ಕದಲ್ಲಿ ನಿಂತ ಅಲಂಕಾರ. ಮೇಲಾಗಿ, ಬೇಗ ಆಮ್ಲಜನಕ ಸಿಕ್ಕ ಎಷ್ಟೋ ರೋಗಿಗಳಿಗೆ ಯಂತ್ರದ ಅಗತ್ಯವೇ ಬೀಳುವುದಿಲ್ಲ. ಹಳ್ಳಿಯವನ ಮೇಲೆ ನಿಗಾ ಇಡುವುದು ಅವನಿಗೆ ಕೊಡುವ ಕಡಿಮೆಯ ಪಾಲಲ್ಲ. ಅವನಿಗೆ ಇಲ್ಲಿಯವರೆಗೆ ಸಲ್ಲದೆ ಉಳಿದ ಮೊದಲ ಬಾಕಿ.

ಈಗ ದೂರದ ತಜ್ಞನ ಕಣ್ಣನ್ನೂ ತಾಲ್ಲೂಕಿಗೆ ತರಲು ಸಾಧ್ಯವಾಗಿದೆ. 2020ರಿಂದ ಕರ್ನಾಟಕದಲ್ಲಿ ಬೆಂಗಳೂರಿನ ತಜ್ಞರು ಜಿಲ್ಲಾ ಆಸ್ಪತ್ರೆಗಳ ವಿಷಮ ರೋಗಿಗಳನ್ನು ದೂರದರ್ಶಕ ಪರದೆಯ ಮೂಲಕ ನೋಡಿ ಸಲಹೆ ಕೊಡುವ ಪದ್ಧತಿ ನಡೆಯಿತು. ಹತ್ತು ಹಾಸಿಗೆಯ ಸಣ್ಣ ಘಟಕಗಳನ್ನು ಹೀಗೆ ದೊಡ್ಡ ಆಸ್ಪತ್ರೆಗಳಿಗೆ ಜೋಡಿಸುವ ಯೋಜನೆಯೂ ಬಂತು. ಇದು ಒಳ್ಳೆಯ ದಾರಿ. ಆದರೆ ದೂರದ ಕಣ್ಣಿಗೆ ಹತ್ತಿರದ ಕೈ ಬೇಕು. ‘ರೋಗಿಯನ್ನು ಬೋರಲು ಮಲಗಿಸಿ’ ಎಂದು ಪರದೆಯೊಳಗಿನ ತಜ್ಞ ಹೇಳಿದರೆ ಮಲಗಿಸಲು ಇಲ್ಲಿ ಮೂರು ಜನರಿರಬೇಕು.

ರೋಗಿಯನ್ನು ದೊಡ್ಡಾಸ್ಪತ್ರೆಗೆ ಕಳುಹಿಸಬೇಕಾದ ಗಳಿಗೆಯ ಬಗೆಗೂ ಒಂದು ಮಾತು. ಬೇಗ ಕಳುಹಿಸಿದರೆ ಅಲ್ಲಿ ಜಾಗವಿಲ್ಲ, ತಡಮಾಡಿದರೆ ದಾರಿಯಲ್ಲಿ ಜೀವವಿಲ್ಲ, ಇದು ತಾಲ್ಲೂಕು ವೈದ್ಯನ ನಿತ್ಯದ ಇಕ್ಕಟ್ಟು. 2008ರ ನವೆಂಬರ್ 1ರಿಂದ ನಮ್ಮಲ್ಲಿ 108ರ ಆಂಬುಲೆನ್ಸುಗಳು ಓಡುತ್ತಿವೆ. ಗಾಡಿ ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅಲ್ಲಿ ಹಾಸಿಗೆ ಇದೆಯೆ ಎಂದು ಫೋನಿನಲ್ಲಿ ಕೇಳಿ ತಿಳಿಯುವುದು, ಏನೇನು ಕೊಟ್ಟಿದೆ ಎಂದು ಚೀಟಿಯಲ್ಲಿ ಸ್ಪಷ್ಟವಾಗಿ ಬರೆಯುವುದು, ಸಿಲಿಂಡರನ್ನು ನೋಡುವುದು, ಜೊತೆಯಲ್ಲಿ ಬಲ್ಲವರೊಬ್ಬರನ್ನು ಕಳುಹಿಸುವುದು, ಇಷ್ಟಾದರೆ ಆ ಐವತ್ತು ಅರವತ್ತು ಕಿಲೋಮೀಟರು ಚಿಕಿತ್ಸೆಯ ಭಾಗವಾಗುತ್ತದೆ. ಆಗದಿದ್ದರೆ ಅದು ಚಿಕಿತ್ಸೆ ನಿಂತುಹೋದ ಒಂದು ಗಂಟೆ.

ಕೊನೆಯದಾಗಿ ನಮ್ಮ ಕರ್ತವ್ಯ. ಆಸ್ಪತ್ರೆಗಳ ಮುಂದೆ ನಾವು ಗಟ್ಟಿಯಾಗಿ ದನಿಯೆತ್ತುವುದು ಸಾವು ಆದ ಮೇಲೆ. ಆಗ ಎದುರಿಗೆ ಸಿಕ್ಕ ಕಿರಿಯ ವೈದ್ಯನೋ ರಾತ್ರಿಪಾಳಿಯ ದಾದಿಯೋ ನಮ್ಮ ಕೋಪಕ್ಕೆ ಗುರಿ. ಅವರು ನಮ್ಮಂತೆಯೇ ಕೊರತೆಯ ಬಲಿಗಳು. ದನಿಯೆತ್ತಬೇಕಾದದ್ದು ರೋಗವಿಲ್ಲದ ದಿನಗಳಲ್ಲಿ. ನಮ್ಮೂರ ಆಸ್ಪತ್ರೆಯ ಆಮ್ಲಜನಕದ ಘಟಕ ಈ ತಿಂಗಳು ಎಷ್ಟು ಬಾರಿ ನಡೆಯಿತು? ಜನರೇಟರಿಗೆ ಡೀಸೆಲು ಇದೆಯೆ? ರಾತ್ರಿಯ ಪಾಳಿಯಲ್ಲಿ ಎಷ್ಟು ಮಂದಿ ದಾದಿಯರು? ಖಾಲಿ ಹುದ್ದೆಗಳೆಷ್ಟು? ಗ್ರಾಮ ಸಭೆಯಲ್ಲಿ, ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಮುಂದೆ, ಮತ ಕೇಳಲು ಬಂದವರ ಎದುರಿಗೆ ಈ ನಾಲ್ಕು ಪ್ರಶ್ನೆಗಳನ್ನು ವಿನಯದಿಂದ, ಆದರೆ ಬಿಡದೆ ಕೇಳುತ್ತಿರೋಣ. ಆಸ್ಪತ್ರೆ ರೋಗಿಯ ಮೇಲೆ ಇಡುವುದು ಒಂದು ನಿಗಾ. ಊರು ತನ್ನ ಆಸ್ಪತ್ರೆಯ ಮೇಲೆ ಇಡಬೇಕಾದದ್ದು ಇನ್ನೊಂದು. ಎರಡನೆಯದು ತಪ್ಪಿದಲ್ಲಿ ಮೊದಲನೆಯದು ಬಹುಕಾಲ ನಿಲ್ಲಲಾರದು.